ಒತ್ತುವ ಜಾಗ

ಕಾರು ಕೊಳ್ಳಲು ಬಂದವರು ಡಿಕ್ಕಿ ತೆಗೆಸಿದಾಗ ಗಿಟಾರು ಸಿಕ್ಕಿತು. ಅದು ನನ್ನದು. ಒಂದು ತಂತಿ ಜಿರ್ ಎನ್ನುತ್ತದೆ, ರಿಪೇರಿಗೆ ಕೊಟ್ಟು ಬರುತ್ತೇನೆ ಎಂದು ಗಂಡ ಅದನ್ನು ಡಿಕ್ಕಿಗೆ ಹಾಕಿಕೊಂಡು ಹೋಗಿದ್ದ. ಆ ದಿನ ಅವನು ರಿಪೇರಿ ಅಂಗಡಿಗೂ ಹೋಗಲಿಲ್ಲ, ಮನೆಗೂ ಬರಲಿಲ್ಲ. ಆಫೀಸಿನ ಮೆಟ್ಟಿಲ ಮೇಲೆ ಕುಸಿದವನನ್ನು ಅಲ್ಲಿಂದಲೇ ಆಸ್ಪತ್ರೆಗೆ ಒಯ್ದರು. ಕಾರನ್ನು ಅವನ ಸಹೋದ್ಯೋಗಿಯೊಬ್ಬರು ತಂದು ಮನೆಯ ಮುಂದೆ ನಿಲ್ಲಿಸಿ ಕೀಲಿಕೈ ಕೊಟ್ಟು ಹೋದರು. ಒಂದು ಬೇಸಿಗೆ, ಒಂದು ಮಳೆಗಾಲ ಅದು ಅಲ್ಲೇ ನಿಂತಿತ್ತು.

ಕೇಸು ತೆರೆದರೆ ಗಿಟಾರಿನ ತಂತಿ ಕಟ್ಟುವ ಬ್ರಿಡ್ಜು ಅಂಟು ಬಿಟ್ಟು ಎದ್ದಿತ್ತು. ಕತ್ತು ಬಾಗಿತ್ತು. ಮುಂದಿನ ಹಲಗೆ ಸೀಳಿತ್ತು.

"ಇದೂ ಕಾರಿನ ಜೊತೆಗೇನಾ?" ಎಂದು ಬಂದವರು ತಮಾಷೆಗೆ ಕೇಳಿದರು.

"ಆಗಲಿ, ತಗೊಳ್ಳಿ," ಎಂದೆ.

ಅತ್ತೆ ಮೆಟ್ಟಿಲಿಳಿದು ಬಂದು ಕೇಸನ್ನು ಅವರ ಕೈಯಿಂದ ಕಿತ್ತುಕೊಂಡರು.

"ನೀನು ಆಗಲಿ ಅಂದಾಗೆಲ್ಲ ನಂಗೆ ಎದೆ ಧಸಕ್ಕನ್ನುತ್ತೆ," ಎಂದರು, ಕಾರು ನೋಡಲು ಬಂದವರು ಹೋದ ಮೇಲೆ. "ಮಂಚ ಕೊಟ್ಬಿಡೋಣ್ವಾ ಅಂದ್ರೆ ಆಗಲಿ. ಅಣ್ಣನ ಮನೆಗೆ ಹೋಗಿರ್ತೀಯಾ ಅಂದ್ರೆ ಆಗಲಿ. ನಾಳೆ ಯಾರಾದ್ರೂ ಬಂದು ನಿಮ್ಮತ್ತೇನ ಕರ್ಕೊಂಡು ಹೋಗ್ತೀವಿ ಅಂದ್ರೂ ಆಗಲಿ ಅಂತೀಯ."

"ನಿಮ್ಮನ್ನ ಯಾರು ಕೇಳ್ತಾರೆ ಬಿಡಿ ಅತ್ತೆ."

"ಅದೂ ನಿಜ," ಎಂದರು. "ಆದ್ರೂ ನಾಳೆ ಇದನ್ನ ಅಂಗಡಿಗೆ ತಗೊಂಡು ಹೋಗು. ಮನೇಲಿ ಒಂದು ಸದ್ದಾದ್ರೂ ಇರಲಿ."

ನಾನು ಸಂಜೆ ಹೊತ್ತು ನುಡಿಸುವಾಗ ಗಂಡ ಪಕ್ಕದ ಕೋಣೆಯಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದ. ಅವನಿಗೆ ಸಂಗೀತ ಬರುತ್ತಿರಲಿಲ್ಲ. ಆದರೆ ಮುಗಿದ ಕೂಡಲೇ ಅಲ್ಲಿಂದಲೇ "ಮಧ್ಯದಲ್ಲಿ ಎಲ್ಲೋ ತಪ್ಪಿದೆ" ಎನ್ನುತ್ತಿದ್ದ. ಹೆಚ್ಚಿನ ಸಲ ಅದು ನಿಜವಾಗಿರುತ್ತಿತ್ತು.

ರಿಪೇರಿ ಅಂಗಡಿಯವರು ಗಿಟಾರನ್ನು ತಿರುಗಿಸಿ ನೋಡಿ ತಲೆಯಾಡಿಸಿದರು. "ಮರ ಹೀಗೇ. ನೋಡ್ಕೊಂಡ್ರೆ ಇರುತ್ತೆ, ಇಲ್ಲಾಂದ್ರೆ ಇಲ್ಲ. ಕಾರ್ಬನ್ ಫೈಬರ್‌ನದು ಮಾಡಿಸ್ಕೊಳ್ಳಿ. ಬಿಸಿಲಲ್ಲಿಡಿ, ಮಳೇಲಿಡಿ, ವರ್ಷಗಟ್ಟಲೆ ಮುಟ್ಟದೇ ಇರಿ, ಅದಕ್ಕೇನೂ ಆಗಲ್ಲ."

ಮುಟ್ಟದೇ ಇದ್ದರೂ ಏನೂ ಆಗದ ವಸ್ತು. ಅಂಥದ್ದು ಮಾಡುವವರ ವಿಳಾಸ ಕೇಳಿ ಬರೆದುಕೊಂಡೆ.

ಅದು ಕೃತಕ ಕಾಲುಗಳನ್ನು ಮಾಡುವ ಜಾಗ. ಗೋಡೆಯ ಕಪಾಟಿನಲ್ಲಿ ಪಾದಗಳು, ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿಟ್ಟಿದ್ದವು. ನೆಲದ ಮೇಲೆಲ್ಲ ಪ್ಲಾಸ್ಟರಿನ ಬಿಳಿ ಪುಡಿ. ಒಂದು ಕಡೆ ಹಿಡಿದುಕೊಂಡು ನಡೆಯಲು ಎರಡು ಕಬ್ಬಿಣದ ಸರಳು, ಅವುಗಳ ತುದಿಯಲ್ಲಿ ಆಳೆತ್ತರದ ಕನ್ನಡಿ. ಮಾಡುವವರನ್ನು ಎಲ್ಲರೂ ಫಿಟ್ಟರ್ ಎನ್ನುತ್ತಿದ್ದರು. ಕಾಲು ಕೂರುವ ಬಟ್ಟಲನ್ನು ಅವರು ಕಾರ್ಬನ್ ಬಟ್ಟೆಯಲ್ಲಿ ಮಾಡುತ್ತಿದ್ದರು. ಹಿಂದೊಮ್ಮೆ ಕಾಲಿಗೆಂದು ಬಂದ ವಾದಕರೊಬ್ಬರು ಇದರಲ್ಲೇ ಒಂದು ಗಿಟಾರೂ ಮಾಡಿಕೊಡಿ ಎಂದು ಹಠ ಹಿಡಿದರಂತೆ. ಅಲ್ಲಿಂದ ಅದೂ ಶುರುವಾಯಿತು.

"ನಂಗೆ ಒಂದು ಸ್ವರಾನೂ ಗೊತ್ತಿಲ್ಲ ಮೇಡಂ," ಎಂದು ಮೊದಲೇ ಹೇಳಿದರು. "ಶ್ರುತಿ ನೀವೇ ಮಾಡ್ಕೋಬೇಕು."

ಮೊದಲು ಗಟ್ಟಿ ಫೋಮಿನಲ್ಲಿ ಒಂದು ನಕಲು ಗಿಟಾರು ಮಾಡಿ ತಂತಿ ಕಟ್ಟುತ್ತಾರೆ. ಅದಕ್ಕೆ ಸದ್ದಿಲ್ಲ, ಆಕಾರ ಮಾತ್ರ. ಅದನ್ನು ಹಿಡಿದು ನುಡಿಸಿ ನೋಡಿ, ಎಲ್ಲಿ ಒತ್ತುತ್ತದೆ ಎಂದು ಹೇಳಬೇಕು. ಒತ್ತಿದ ಕಡೆ ಉಜ್ಜಿ ಸರಿಮಾಡುತ್ತಾರೆ. ನಕಲು ಒಪ್ಪಿಗೆಯಾದ ಮೇಲೆ ಅದರಿಂದ ಅಚ್ಚು ತೆಗೆದು, ಕಾರ್ಬನ್ ಬಟ್ಟೆ ಹಾಸಿ, ರಾಳ ಕುಡಿಸಿ, ಒಲೆಯಲ್ಲಿಟ್ಟು ಬೇಯಿಸುತ್ತಾರೆ.

"ಒಲೆಯಿಂದ ಬಂದ ಮೇಲೆ ನನ್ನ ಕೈಲಿಲ್ಲ," ಎಂದರು.

"ಗೊತ್ತು. ಆ ರಾಳ ಒಮ್ಮೆ ಗಟ್ಟಿಯಾದ್ರೆ ಮತ್ತೆ ಕರಗಲ್ಲ," ಎಂದೆ. ನಾನು ಓದಿದ್ದು ರಸಾಯನಶಾಸ್ತ್ರ, ಕೆಲಸ ಕುಡಿಯುವ ನೀರನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ. ಒಲೆಯ ಶಾಖ ಎಷ್ಟು, ಎಷ್ಟು ಹೊತ್ತು ಎಂದು ಮಾತಾಡಿದೆವು. ಆ ಮಾತು ಸುಲಭವಾಗಿತ್ತು.

ನಕಲು ನೋಡಲು ಮೊದಲ ಸಲ ಹೋದಾಗ ಸರಳುಗಳ ನಡುವೆ ಒಬ್ಬ ಹೆಂಗಸು ಹೊಸ ಕಾಲು ಹಾಕಿಕೊಂಡು ಓಡಾಡುತ್ತಿದ್ದರು. ವೃತ್ತಿಯಲ್ಲಿ ಟೈಲರ್. ಎಡಗಾಲು ಮೊಣಕಾಲಿನ ಕೆಳಗೆ ಇಲ್ಲ.

"ಕಾಲು ಡಾಕ್ಟ್ರೇ, ಇವರಿಗೇನಾಗಿದೆ? ಎರಡೂ ಕಾಲು ನೆಟ್ಟಗೇ ಇದ್ಯಲ್ಲ."

"ಗಿಟಾರ್‌ಗೆ ಬಂದಿದಾರೆ. ನಾನು ಡಾಕ್ಟ್ರಲ್ಲ ಅಂತ ಎಷ್ಟು ಸಲ ಹೇಳ್ಲಿ ಟೈಲರಮ್ಮ?"

"ಕಾಯಿಸೋದು ಮಾತ್ರ ಡಾಕ್ಟ್ರ ಥರಾನೇ ಕಾಯಿಸ್ತೀರ. ಇಲ್ಲಿ ನೋಡಿ, ಇಲ್ಲಿ ಒತ್ತುತ್ತೆ. ಇಲ್ಲಿ ಉಜ್ಜುತ್ತೆ. ಇಲ್ಲಿ ಕಚಗುಳಿ ಇಡುತ್ತೆ."

"ಕಚಗುಳಿಗೆ ನಾನೇನ್ ಮಾಡ್ಲಿ?"

"ಮಾಡಿದ್ದು ನೀವೇ ತಾನೆ? ನೀವೇ ತೆಗೀರಿ."

ಫಿಟ್ಟರ್ ಗೊಣಗುತ್ತ ಆ ಕಾಲನ್ನು ಬಿಚ್ಚಿ ಬದಿಗಿಟ್ಟು ನನ್ನ ಕಡೆ ಬಂದರು. ಫೋಮಿನ ಗಿಟಾರು ಕೊಟ್ಟರು. ಎರಡು ಮೂರು ಸಲ ಮೀಟಿದೆ. ಟಪ್ ಟಪ್ ಎಂದಿತು.

"ಎಲ್ಲಿ ಒತ್ತುತ್ತೆ?"

"ಎಲ್ಲೂ ಇಲ್ಲ. ಸರಿಯಾಗಿದೆ."

"ಮೊದಲನೇ ಸಲಕ್ಕೇ?" ಅವರಿಗೆ ನಂಬಿಕೆ ಬರಲಿಲ್ಲ. ಬಲಗೈ ಇಡುವ ಕಡೆ ಇನ್ನೂ ಸ್ವಲ್ಪ ತಗ್ಗು ಮಾಡಿಡುತ್ತೇನೆ, ಮುಂದಿನ ವಾರ ಬನ್ನಿ ಎಂದರು.

ಮುಂದಿನ ವಾರಕ್ಕೆ ಅವರು ಅದನ್ನು ಕಾಲು ಕೂರುವ ಬಟ್ಟಲಿನ ಹಾಗೆಯೇ ಮಾಡಿಟ್ಟಿದ್ದರು. ಮೈಯ ಮೇಲೆ ಬಲಗೈಗೆಂದು ತೋಡಿದ ತಗ್ಗಿನಲ್ಲಿ ನನ್ನ ಮುಂಗೈ ಒರೆಯಲ್ಲಿ ಕತ್ತಿ ಕೂತಂತೆ ಕೂತಿತು. ಕೂತ ಮೇಲೆ ಅಲ್ಲಾಡಲಿಲ್ಲ. ಮೇಲಿನ ತಂತಿಯಿಂದ ಕೆಳಗಿನದಕ್ಕೆ ಹೋಗಬೇಕಾದರೆ ಭುಜವನ್ನೇ ಎತ್ತಬೇಕಾಗಿತ್ತು.

"ಈಗ?"

"ಸರಿಯಾಗಿದೆ."

"ಏನ್ ಸರಿಯಾಗಿದೆ ತಾಯೀ?" ಟೈಲರಮ್ಮ ಬೆಂಚಿನ ಮೇಲಿಂದ ಕೂಗಿದರು. ಅವರಿಗೆ ಅಂದು ಬೇರೆ ಕೆಲಸವಿರಲಿಲ್ಲವೇನೋ. "ಮುರಿದ ಕೈಗೆ ಹಿಟ್ಟು ಕಟ್ಟಿದಂಗೆ ಕೂತಿದೀರ. ಆ ಕೈಲಿ ಸೊಳ್ಳೆ ಹೊಡಿಯೋಕೂ ಆಗಲ್ಲ."

ಫಿಟ್ಟರ್ ನನ್ನನ್ನೂ ಗಿಟಾರನ್ನೂ ನೋಡಿದರು. ಮೇಜಿನ ಡ್ರಾಯರ್ ಎಳೆದು ಒಂದು ಲಿಪ್‌ಸ್ಟಿಕ್ ತೆಗೆದರು. ಕೆಂಪು, ಅಗ್ಗದ್ದು, ಅರ್ಧ ಸವೆದದ್ದು. ರೋಗಿಗಳು ಒತ್ತುವ ಜಾಗ ಹೇಳಲಾರದಿದ್ದರೆ ಇದನ್ನು ಬಟ್ಟಲಿನ ಒಳಗೆ ಸವರಿ ಕಾಲು ತೊಡಿಸುತ್ತಾರೆ. ಚರ್ಮಕ್ಕೆ ಎಲ್ಲಿ ಬಣ್ಣ ಹತ್ತುತ್ತದೋ ಅಲ್ಲಿ ಒತ್ತುತ್ತಿದೆ ಎಂದರ್ಥ.

ಗಿಟಾರಿನ ತಗ್ಗಿಗೂ ಅಂಚಿಗೂ ಬೆನ್ನಿಗೂ ಕತ್ತಿಗೂ ಲಿಪ್‌ಸ್ಟಿಕ್ ಸವರಿ, ನನಗೆ ಒಂದು ಬಿಳಿ ಏಪ್ರನ್ ಕಟ್ಟಲು ಹೇಳಿದರು. "ಬಾರಿಸಿ."

ಬಾರಿಸಿದೆ. ಸಾಕು ಎಂದಾಗ ನಿಲ್ಲಿಸಿದೆ. ಮುಂಗೈ ಉದ್ದಕ್ಕೂ ಕೆಂಪಾಗಿತ್ತು. ಏಪ್ರನ್ ಬೆಳ್ಳಗೇ ಇತ್ತು.

"ಕೈ ನೋಡಿ. ಇಷ್ಟು ಒತ್ತುತ್ತಿದ್ರೂ ಸರಿಯಾಗಿದೆ ಅಂದ್ರಿ," ಎಂದರು. ಅವರಿಗೆ ಸಿಟ್ಟು ಬಂದಿತ್ತು. "ಎದೆ ಕಡೆ ಒಂದು ಚುಕ್ಕೆ ಇಲ್ಲ. ನೀವು ಇದನ್ನ ಹಿಡ್ಕೊಂಡೇ ಇಲ್ಲ ಮೇಡಂ, ಬೇರೆಯವರ ಮಗೂನ ಎತ್ಕೊಂಡಂಗೆ ದೂರ ಇಟ್ಕೊಂಡಿದೀರ. ನಾನು ಯಾವುದನ್ನ ನೋಡಿ ಅಚ್ಚು ತೆಗೀಲಿ?"

ನಾನು ಏಪ್ರನ್ ಬಿಚ್ಚಿ ಮುಂಗೈ ಒರೆಸಿಕೊಂಡೆ.

"ನೀವು ಸರಿ ಅಂದ್ರೆ ನಾಳೇನೇ ಬಟ್ಟೆ ಹಾಸ್ತೀನಿ. ನಂಗೇನು? ಆದ್ರೆ ಆಮೇಲೆ ಕೈ ಸಿಕ್ಕಾಕೊಳ್ಳುತ್ತೆ ಅಂತ ಬಂದ್ರೆ ಆಗಲ್ಲ. ಇದು ಮುರಿಯೋದೂ ಇಲ್ಲ, ಹಾಳಾಗೋದೂ ಇಲ್ಲ. ನೀವಿರೋವರೆಗೂ ಹೀಗೇ ಇರುತ್ತೆ. ಹೇಳಿ, ಹಾಸ್ಲಾ?"

ಆಗಲಿ ಎಂಬ ಮಾತು ಬಾಯಿಗೆ ಬಂದಿತ್ತು. ನುಡಿಸಲಾಗದ, ಎಂದೂ ಹಾಳಾಗದ ಒಂದು ಗಿಟಾರು ಮನೆಯ ಮೂಲೆಯಲ್ಲಿರುವುದನ್ನು ಯೋಚಿಸಿದೆ. ನಾನು ಕೇಳಿಕೊಂಡು ಬಂದದ್ದು ಅದನ್ನೇ ಇರಬಹುದು. ಅತ್ತೆ ಅದರ ಧೂಳು ಒರೆಸುವುದನ್ನೂ ಯೋಚಿಸಿದೆ.

"ಮನೆಗೆ ಒಯ್ದು ನೋಡ್ತೀನಿ," ಎಂದೆ.

ಅವರು ಮೊದಲು ತಗ್ಗನ್ನು ಫೋಮಿನಿಂದ ಅರ್ಧ ತುಂಬಿಸಿದರು. ಆಮೇಲೆ ಲಿಪ್‌ಸ್ಟಿಕ್ಕನ್ನೂ ನನ್ನ ಕೈಗಿಟ್ಟರು. "ಬಿಳಿ ಬಟ್ಟೆ ಹಾಕ್ಕೊಂಡು ಬಾರಿಸಿ. ಹಳೇದು, ಹೋದ್ರೆ ಹೋಗಲಿ ಅನ್ನೋ ಅಂಥದ್ದು."

ಅಂಥ ಬಿಳಿ ಬಟ್ಟೆ ನನ್ನ ಹತ್ತಿರ ಇರಲಿಲ್ಲ. ಅತ್ತೆ ಬೀರು ತೆಗೆದು ಒಂದು ಶರ್ಟು ತಂದರು. ಅವನದು, ಇಸ್ತ್ರಿಯ ಮಡಿಕೆ ಇನ್ನೂ ಬಿಟ್ಟಿರಲಿಲ್ಲ.

"ಇದು ಹಳೇದಲ್ಲ ಅತ್ತೆ."

"ಇನ್ನು ಹೊಸದಾಗೋದೂ ಇಲ್ಲ. ಹಾಕ್ಕೊ."

ಹಾಕಿಕೊಂಡೆ. ಗಿಟಾರಿಗೆ ಲಿಪ್‌ಸ್ಟಿಕ್ ಸವರಿದೆ. ಕುರ್ಚಿಯ ಅಂಚಿಗೆ ಕೂತು, ಫಿಟ್ಟರ್ ಹೇಳಿದ್ದು ನೆನಪಾಗಿ ಗಿಟಾರನ್ನು ಮೈಗೆ ಎಳೆದುಕೊಂಡೆ. ಮೊದಲೆಲ್ಲ ದಿನಾ ನುಡಿಸುತ್ತಿದ್ದ ಒಂದು ಹಾಡನ್ನು ಶುರುಮಾಡಿದೆ. ಬೆರಳ ತುದಿಯ ಗಟ್ಟಿ ಚರ್ಮ ಯಾವಾಗಲೋ ಉದುರಿಹೋಗಿತ್ತು. ತಂತಿ ಮೆತ್ತಗಿನ ಬೆರಳಿಗೆ ಕೊರೆಯಿತು. ಪಕ್ಕೆಲುಬಿನ ಕೆಳಗೆ ಅಂಚು ಚುಚ್ಚಿತು. ಗಿಟಾರಿನ ಕತ್ತು ದಪ್ಪವೆನಿಸಿ ಹೆಬ್ಬೆರಳು ಸೋಲತೊಡಗಿತು. ಬಲಗೈಯ ಮುಂಗೈ ಜೋಮು ಹಿಡಿಯಿತು. ಒಂದೊಂದಾಗಿ ಗೊತ್ತಾಗುತ್ತಿತ್ತು. ಕೊನೆಯವರೆಗೂ ನುಡಿಸಿದೆ.

ಎದ್ದು ನಿಂತಾಗ ಅತ್ತೆ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಶರ್ಟಿನ ಎದೆಯ ಮೇಲೆ, ಹೊಟ್ಟೆಯ ಪಕ್ಕ, ತೋಳಿನ ಮೇಲೆ ಕೆಂಪು ಲಿಪ್‌ಸ್ಟಿಕ್ಕು.

"ಇಷ್ಟು ವರ್ಷ ನನ್ನ ಮಗನ ಶರ್ಟ್ ಒಗೆದೆ," ಎಂದರು, "ಒಂದು ದಿನಾನೂ ಇಂಥದ್ದು ಕಂಡಿರಲಿಲ್ಲ. ಹೋದ ಮೇಲೆ ಕೆಟ್ಟ ನೋಡು."

ನಗು ಎಲ್ಲಿಂದ ಬಂತೋ ತಿಳಿಯಲಿಲ್ಲ. ಮೊದಲು ನಕ್ಕಿದ್ದು ನಾನೇ. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ಕುರ್ಚಿಗೆ ಕುಸಿದರು. ನಗು ನಿಂತ ಮೇಲೆ ಇಬ್ಬರೂ ಸ್ವಲ್ಪ ಹೊತ್ತು ಶರ್ಟನ್ನೇ ನೋಡಿದೆವು. ಆಮೇಲೆ ಅವರು ಅಡುಗೆಮನೆಗೆ ಹೋದರು.

ಮರುದಿನ ಕೆಲಸ ಬಿಟ್ಟು ಬರುವಾಗ ಕಾರ್ಯಾಗಾರಕ್ಕೆ ಹೋಗಿ ಶರ್ಟನ್ನು ಮೇಜಿನ ಮೇಲೆ ಹರಡಿದೆ.

"ಅಬ್ಬಬ್ಬಾ," ಎಂದರು ಟೈಲರಮ್ಮ, ಸರಳು ಹಿಡಿದು ನಿಂತಲ್ಲೇ. "ಯಾರ ಶರ್ಟು ಇದು? ಯಾರ ಲಿಪ್‌ಸ್ಟಿಕ್ಕು?"

"ಶರ್ಟು ನನ್ನ ಗಂಡಂದು. ಲಿಪ್‌ಸ್ಟಿಕ್ಕು ಇವರದು," ಎಂದು ಫಿಟ್ಟರ್ ಕಡೆ ತೋರಿಸಿದೆ.

ಟೈಲರಮ್ಮ ನಕ್ಕ ರಭಸಕ್ಕೆ ಸರಳು ಬಿಟ್ಟರು. ಬೀಳಲಿಲ್ಲ. ಕೈ ಬಿಟ್ಟು ನಿಂತಿದ್ದೇನೆ ಎಂದು ಅವರಿಗೇ ಆಮೇಲೆ ಗೊತ್ತಾಯಿತು. ಫಿಟ್ಟರ್ ಮಾತ್ರ ನಗಲಿಲ್ಲ. ಕನ್ನಡಕ ಹಾಕಿಕೊಂಡು ಶರ್ಟಿನ ಮೇಲೆ ಬಗ್ಗಿದ್ದರು.

"ಇಲ್ಲಿ," ಎಂದೆ. "ಪಕ್ಕೆಲುಬಿಗೆ ಚುಚ್ಚುತ್ತೆ. ಇಲ್ಲಿ ಮುಂಗೈ ಜೋಮು ಹಿಡಿಯುತ್ತೆ, ಆ ತಗ್ಗು ಪೂರ್ತಿ ಬೇಡ, ಅಂಚು ಇಳಿಜಾರಾದ್ರೆ ಸಾಕು. ಮತ್ತೆ ಕತ್ತು ದಪ್ಪ."

"ಕತ್ತು ದಪ್ಪ ಇಲ್ಲ. ನಿಮ್ಮ ಕೈ ಅಳತೆ ತಗೊಂಡೇ ಮಾಡಿದ್ದು."

"ದಪ್ಪ ಇದೆ."

"ಅಳತೆ ತೋರಿಸ್ಲಾ?"

"ಅಳತೆ ನಿಮ್ಮದು, ಹೆಬ್ಬೆರಳು ನಂದು. ಕಡಿಮೆ ಮಾಡಿ."

ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಮೊದಲ ಸಲ ಅವರ ಮುಖ ಸಡಿಲವಾಯಿತು. "ಹಾಂ, ಹೀಗೆ ಜಗಳ ಆಡಿದ್ರೆ ಕೆಲಸ ಆಗುತ್ತೆ," ಎಂದು ಉಜ್ಜುವ ಕಾಗದ ತೆಗೆದುಕೊಂಡರು. "ಈ ಶರ್ಟ್ ಇಲ್ಲೇ ಬಿಟ್ಟು ಹೋಗ್ತೀರಾ? ಅಚ್ಚಿನವರೆಗೂ ನೋಡ್ಕೊಂಡು ಮಾಡ್ತೀನಿ."

"ವಾಪಸ್ ಬೇಕು," ಎಂದೆ. "ಒಗೀಬೇಡಿ."

ನಕಲನ್ನು ಇನ್ನೂ ಎರಡು ಸಲ ನೋಡಿದೆ. ಎರಡು ಸಲವೂ ಏನಾದರೊಂದು ಹೇಳಿದೆ. ಕೊನೆಗೆ ಸರಿಯಾಗಿದೆ ಎಂದಾಗ ಅವರು ಮತ್ತೆ ಕೇಳಲಿಲ್ಲ.

ಒಲೆಯಿಂದ ಬಂದ ಗಿಟಾರು ಕಪ್ಪು. ಹತ್ತಿರದಿಂದ ನೋಡಿದರೆ ಬಟ್ಟೆಯ ನೇಯ್ಗೆ ಕಾಣುತ್ತದೆ. ಮರದ್ದಕ್ಕಿಂತ ಹಗುರ, ಮುಟ್ಟಿದರೆ ತಣ್ಣಗೆ. ಕೇಸಿನ ಜೇಬಿನಲ್ಲಿ ಶರ್ಟನ್ನು ಮಡಿಸಿ ಇಟ್ಟಿದ್ದರು, ಕಲೆಗಳು ಹಾಗೇ ಇದ್ದವು. ಮನೆಯಲ್ಲಿ ಶ್ರುತಿ ಮಾಡಿ ಮೊದಲ ಸಲ ಮೀಟಿದಾಗ ಸದ್ದು ಕೋಣೆಗೆ ಜಾಸ್ತಿಯೇ ಆಯಿತು. ಯಾವ ತಂತಿಯೂ ಜಿರ್ ಎನ್ನಲಿಲ್ಲ. ನಾನು ಅದಕ್ಕಾಗಿ ಒಂದೊಂದೇ ತಂತಿ ಮೀಟಿ ನೋಡಿದೆ. ಆಮೇಲೆ ನುಡಿಸಿದೆ. ಕೈ ತಡೆಯಿಲ್ಲದೆ ಓಡಾಡಿತು.

ಮುಗಿಸುವ ಹೊತ್ತಿಗೆ ಫೋನು ಬಂತು. ಫಿಟ್ಟರ್.

"ಹೇಗಿದೆ ಮೇಡಂ? ಎಲ್ಲಾದ್ರೂ ಒತ್ತುತ್ತಾ?"

"ಒತ್ತುತ್ತೆ."

"ಎಲ್ಲಿ?"

"ಬೆರಳ ತುದಿ. ಎಡಗೈದು, ನಾಲ್ಕೂ ಬೆರಳು."

"ಅಯ್ಯೋ, ಜೀವ ಬಾಯಿಗೆ ಬಂದಿತ್ತು! ಅದು ತಂತಿ ಮೇಡಂ. ಅದಕ್ಕೆ ನಾನೇನೂ ಮಾಡೋಕಾಗಲ್ಲ."

"ಗೊತ್ತು. ಕೇಳಿದ್ರಲ್ಲ, ಹೇಳಿದೆ."

ಫೋನಿಟ್ಟೆ. ಅತ್ತೆ ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದರು.

"ಯಾಕೆ, ನಿಲ್ಲಿಸಿಬಿಟ್ಯಾ?"

"ಬೆರಳು ನೋಯ್ತಿದೆ ಅತ್ತೆ."

"ಹೌದಾ?" ಎಂದರು. ಬಟ್ಟೆ ಒದರುವ ಸದ್ದು ಕೇಳಿಸಿತು. "ನೋಯ್ಲಿ. ಇನ್ನೊಂದ್ಸಲ ಬಾರಿಸು. ಮಧ್ಯದಲ್ಲಿ ಎಲ್ಲೋ ತಪ್ಪಿದೆ."

ತಪ್ಪಿತ್ತು. ಮೊದಲಿನಿಂದ ಶುರುಮಾಡಿದೆ.