ಹನ್ನೊಂದು ಬಗೆಯ ಕೊನೆ

ಎಲ್ಲರೂ ಮೇಷ್ಟ್ರು ಎಂದೇ ಕರೆಯುವ ಆ ಸಂಗೀತಗಾರರಿಗೆ ಕವಿತೆ ಅರ್ಥವಾಗುತ್ತಿದ್ದದ್ದು ಅದರ ತಲೆಯ ಮೇಲೆ ಇಪ್ಪತ್ತು ಪಿಟೀಲು ಹೇರಿದ ಮೇಲೆಯೇ. ದೋಣಿ ಹತ್ತಿ ಹೋದ ಗಂಡನಿಗಾಗಿ ದಡದಲ್ಲಿ ಕಾಯುವ ಹೆಂಗಸಿನ ಬಗ್ಗೆ ಹಳೆಯ ಕವಿಯೊಬ್ಬ ಬರೆದದ್ದು ಹದಿನಾರೇ ಸಾಲು. ಮೇಷ್ಟ್ರು ಅದನ್ನು ಎರಡು ಗಂಟೆಯ ಒಪೆರಾ ಮಾಡಿದ್ದರು. ಮೂಗಿಗಿಂತ ಮೂಗುತಿ ಭಾರ ಎಂದು ಅವರಿಗೂ ಗೊತ್ತಿತ್ತು. ಆದರೆ ಏಳು ವರ್ಷ ಕೂತು ಮಾಡಿದ ಮೂಗುತಿಯನ್ನು ಬಿಚ್ಚಿಡಲು ಮನಸ್ಸು ಬರಬೇಕಲ್ಲ!

ಇವತ್ತು ಮೊದಲ ಪೂರ್ತಿ ತಾಲೀಮು. ರಂಗಮಂದಿರದ ಮ್ಯಾನೇಜರ್ ನೋಡಿ ಒಪ್ಪಿದರೆ ಒಪೆರಾ ವೇದಿಕೆ ಹತ್ತುತ್ತದೆ, ಇಲ್ಲದಿದ್ದರೆ ಅಟ್ಟ ಹತ್ತುತ್ತದೆ.

ಮೇಷ್ಟ್ರ ತಲೆ ತಿಂದದ್ದು ಕವಿತೆಯ ಕೊನೆಯ ನಾಲ್ಕು ಸಾಲು. ದೋಣಿ ಬರುವುದಿಲ್ಲ, ಅವಳು ಮನೆಗೆ ಹೋಗಿ ಎರಡು ತಟ್ಟೆ ಇಡುತ್ತಾಳೆ, ಅಷ್ಟೇ. ಅದಕ್ಕೆ ಮೇಷ್ಟ್ರು ಹನ್ನೊಂದು ಬಗೆಯಲ್ಲಿ ರಾಗ ಹಾಕಿ ಹನ್ನೊಂದನ್ನೂ ಹೊಡೆದುಹಾಕಿದ್ದರು. ವಾದ್ಯದವರಿಗೆಲ್ಲ ಅವರವರ ಹಾಳೆ ಬರೆದುಕೊಡುವವಳು ಮೇಷ್ಟ್ರ ಹೆಂಡತಿ.

"ರೀ, ಯಾವುದನ್ನ ಬರೀಲಿ? ಹೇಳಿಬಿಡಿ," ಎಂದು ನಿನ್ನೆ ಮೂರು ಸಲ ಕೇಳಿದ್ದಳು.

"ತಡಿ, ಹೇಳ್ತೀನಿ," ಎಂದಿದ್ದರು. ಆಮೇಲೆ ಅಂಗಿಗೆ ಇಸ್ತ್ರಿ ಮಾಡುವ ಗಡಿಬಿಡಿಯಲ್ಲಿ ಮರೆತೇಬಿಟ್ಟರು.

ನೆನಪಾದದ್ದು ಇವತ್ತು ತಾಲೀಮಿನಲ್ಲಿ ಹನ್ನೆರಡನೆಯ ಸಾಲು ಮುಗಿದು, ವಾದ್ಯದವರಿಗೆ ಸನ್ನೆ ಮಾಡುವ ಕೋಲೆತ್ತಿದಾಗ. ಪಿಟೀಲಿನವರು ಹಾಳೆ ತಿರುಗಿಸಿದರು, ಖಾಲಿ. ಡ್ರಮ್ಮಿನವನು ಹಾಳೆಯ ಬೆನ್ನನ್ನೂ ನೋಡಿದ. ಎತ್ತಿದ ಕೋಲನ್ನು ಏನು ಮಾಡುವುದೆಂದು ತಿಳಿಯದೆ ಮೇಷ್ಟ್ರು ಅದರಿಂದ ಕಿವಿಯ ಹಿಂದೆ ಕೆರೆದುಕೊಂಡರು. ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

ಕಾಯುವ ಹೆಂಗಸಿನ ಪಾತ್ರದ ಹಾಡುಗಾರ್ತಿ ಪಳಗಿದವಳು. ಶಾಲೆಯಲ್ಲಿ ಕಲಿತ ಆ ಕವಿತೆ ಅವಳಿಗೆ ಬಾಯಿಪಾಠ. ಒಂದು ಕ್ಷಣ ಕಾದು, ಉಳಿದ ನಾಲ್ಕು ಸಾಲನ್ನು ರಾಗವಿಲ್ಲದೆ, ಪಕ್ಕದ ಮನೆಯವಳಿಗೆ ಹೇಳುವಂತೆ ಮೆಲ್ಲಗೆ ಹೇಳಿ ಮುಗಿಸಿದಳು. ಏಳು ವರ್ಷದಲ್ಲಿ ಮೊದಲ ಸಲ ಮೇಷ್ಟ್ರಿಗೆ ಆ ಎರಡನೆಯ ತಟ್ಟೆ ಕಂಡಿತು. ಅಳು ಬಂತು.

ಮ್ಯಾನೇಜರ್ ಕನ್ನಡಕ ಒರೆಸಿಕೊಳ್ಳುತ್ತ ಬಂದರು. "ಕೊನೇಲಿ ಎಲ್ಲಾ ವಾದ್ಯ ನಿಲ್ಲಿಸಿಬಿಟ್ರಲ್ಲ ಮೇಷ್ಟ್ರೇ! ಎಂಥ ಧೈರ್ಯ! ಹೇಗೆ ಹೊಳೀತು?"

ಏಳು ವರ್ಷದ ತಪಸ್ಸು ಸಾರ್ ಎನ್ನಲು ಮೇಷ್ಟ್ರು ಬಾಯಿ ತೆರೆದರು. ಎದುರಿನ ಕುರ್ಚಿಯಲ್ಲಿ ಹೆಂಡತಿ ಪೆನ್ಸಿಲ್ ಹಿಡಿದು ಕೂತಿದ್ದಳು. ಅವಳ ಮುಂದೆ ಆ ಸುಳ್ಳು ನಡೆಯುವಂತಿರಲಿಲ್ಲ.

"ಹೊಳೀಲೇ ಇಲ್ಲ ಸಾರ್. ಅಲ್ಲಿ ಏನು ಹಾಕ್ಬೇಕು ಅಂತ ನಂಗೆ ಗೊತ್ತಾಗ್ಲಿಲ್ಲ. ಅದಕ್ಕೇ ಖಾಲಿ ಉಳೀತು."

ಮ್ಯಾನೇಜರ್ ಕನ್ನಡಕ ಹಾಕಿಕೊಂಡರು. "ಪರವಾಗಿಲ್ಲ, ವೇದಿಕೆ ಹತ್ತಿಸೋಣ. ಆದ್ರೆ ಒಂದು ಮಾತು. ಉಳಿದ ಹನ್ನೆರಡು ಸಾಲಿಗೂ ಏನು ಹಾಕ್ಬೇಕು ಅಂತ ನಿಮಗೆ ಸ್ವಲ್ಪ ಗೊತ್ತಾಗದೇ ಇದ್ರೆ ಆಗಲ್ವಾ?"

ಹೆಂಡತಿ ಆಗಲೇ ಚೀಲದಿಂದ ರಬ್ಬರ್ ತೆಗೆದಿದ್ದಳು.