ಒಂದು ಮುಚ್ಚಳ ನೀಲಿ

ಗುಳುಕ್, ಮತ್ತೆ ಗುಳುಕ್, ಹೆಜ್ಜೆಗೊಂದು ಸದ್ದು, ಡಬ್ಬ ಮುಕ್ಕಾಲು ತುಂಬಿದೆ, ನಿನ್ನೆ ಬೆಳಿಗ್ಗೆ ಅರ್ಧವಿತ್ತು, ಮೂವತ್ತೈದು ವರ್ಷ ಪೈಪು ಜೋಡಿಸಿದವನಿಗೆ ನೀರಿನ ಸದ್ದು ಕೇಳಿದರೆ ಸಾಕು ಮಟ್ಟ ತಿಳಿಯುತ್ತದೆ — ಒಬ್ಬಳದು, ಒಂದು ದಿನದ್ದು, ಮುಕ್ಕಾಲು ಹೇಗಾಯಿತು — ಬಲಗೈ ಸೋತಿತು, ಎಡಗೈಗೆ ಬದಲಾಯಿಸು, ನೆಟ್ಟಗೆ ಹಿಡಿ, ಮೂತಿಯ ಬಿರಡೆ ಸಡಿಲವಾದರೆ ಮಾನ ಹರಾಜು, ಈ ಡೇರೆಗಳ ಸಾಲಿನ ನಡುವೆ, ಹಲ್ಲುಜ್ಜುತ್ತ ನಿಂತವರ ಮುಂದೆ. ಪಕ್ಕದ ಡೇರೆಯ ಟೋಪಿಯವನು ಬ್ರಷ್ ಬಾಯಿಂದ ತೆಗೆದು ನಕ್ಕ, ಏನ್ ಸರ್ ಇವತ್ತೂ ನೀವೇನಾ, ಅಳಿಯಂದ್ರಿಗೂ ಒಂದು ಅವಕಾಶ ಕೊಡಿ. ನಾನೂ ನಕ್ಕೆ. ಈ ಕೆಲಸ ಯಾರಿಗೂ ಬಿಡುವುದಿಲ್ಲ. ಅಪ್ಪ ಕೆಲಸ ಬಿಟ್ರೂ ಗಬ್ಬು ಬಿಡಲ್ಲ ಅಂದಳು ಮಗಳು, ಅನ್ನಲಿ, ಅವಳಿಗೇನು ಗೊತ್ತು, ನಾವೆಲ್ಲ ಆ ತುದಿಯ ಶೌಚಾಲಯಕ್ಕೆ ಹೋಗಿ ಸಾಲಿನಲ್ಲಿ ನಿಲ್ಲುತ್ತೇವೆ, ಡೇರೆಯ ಹಿಂದೆ ಪರದೆ ಕಟ್ಟಿ, ಅಡಿಯಲ್ಲಿ ಈ ಡಬ್ಬ ಕೂರುವ ಪ್ಲಾಸ್ಟಿಕ್ ಕಮೋಡ್ ಇಟ್ಟಿರುವುದು ನನ್ನ ಹೆಂಡತಿ ಒಬ್ಬಳಿಗೆ, ಎಂಟು ತಿಂಗಳ ಹಿಂದೆ ಕರುಳು ಕತ್ತರಿಸಿ ಹೊಲಿಸಿಕೊಂಡವಳು ಸಾಲಿನಲ್ಲಿ ಕಾಯಲಾರಳು. ಮತ್ತೆ ಡಾಕ್ಟರಮ್ಮ ನನ್ನೊಬ್ಬನನ್ನೇ ಬಾಗಿಲ ಹೊರಗೆ ಕರೆದು ಹೇಳಿದ್ದು, ಬಣ್ಣ ನೋಡ್ತಾ ಇರಿ, ಕಪ್ಪಗೋ ಕೆಂಪಗೋ ಕಂಡ್ರೆ ಮಾರನೇ ದಿನಕ್ಕೆ ಕಾಯ್ಬೇಡಿ. ನೋಡುತ್ತೇನೆ. ದಿನಾ ನೋಡುತ್ತೇನೆ. ಮನೆಯಲ್ಲಿ ಬಿಳೀ ಕಮೋಡು, ನಾನೇ ಕೂರಿಸಿದ್ದು, ಅಲ್ಲಿ ನೋಡುವುದು ಸುಲಭ.

ಆದರೆ ಅಲ್ಲಿಯೂ ನೋಡಲಿಲ್ಲವಲ್ಲ. ಹೋದ ವರ್ಷ ಎರಡೆರಡು ಸಲ ಫ್ಲಶ್ ಮಾಡುತ್ತಿದ್ದಳು, ಮೊದಲೊಮ್ಮೆ, ಟ್ಯಾಂಕು ತುಂಬುವವರೆಗೆ ಒಳಗೇ ನಿಂತು ಇನ್ನೊಮ್ಮೆ, ಮಂಚದ ಮೇಲೆ ಮಲಗಿ ಆ ಸದ್ದು ಕೇಳುತ್ತಿದ್ದೆ, ಒತ್ತಡ ಸಾಲದು ಅಂದುಕೊಂಡೆ, ಒಂದು ಭಾನುವಾರ ಟ್ಯಾಂಕು ಬಿಚ್ಚಿ ವಾಷರ್ ಬದಲಾಯಿಸಿದೆ, ಈಗ ಸರಿ ಹೋಯ್ತು ನೋಡು ಅಂತ ಬೆನ್ನು ತಟ್ಟಿಕೊಂಡೆ. ಹೌದು ಸರಿ ಹೋಯ್ತು ಅಂದಳು ಅವಳೂ. ರಕ್ತ ಹೋಗುತ್ತಿತ್ತು, ನಾಲ್ಕು ತಿಂಗಳಿಂದ. ಊರಿನ ಮೋರಿಯೆಲ್ಲ ಬಗ್ಗಿ ನೋಡಿದವನು, ದೀಪದ ಬುಡದಲ್ಲಿ ಕತ್ತಲೆ, ಒಂದು ವಾಷರ್ ಹಾಕಿ ನೆಮ್ಮದಿಯಾಗಿ ನಿದ್ದೆ ಹೋದೆ — ಕಲ್ಲು, ಎಡವಬೇಡ, ಬಂತು, ಸಿಮೆಂಟಿನ ಕಟ್ಟೆ, ನಡುವೆ ಕಬ್ಬಿಣದ ಮುಚ್ಚಳ, ಪಕ್ಕದಲ್ಲಿ ನಲ್ಲಿ, ಮೇಲೆ ಫಲಕ, ಇಲ್ಲಿ ಮಾತ್ರ ಸುರಿಯಿರಿ, ಕೆರೆಯಲ್ಲಲ್ಲ, ಗಿಡದ ಬುಡಕ್ಕಲ್ಲ. ನನ್ನ ಮುಂದೆ ಒಬ್ಬ, ಹಿಂದೆ ಆಗಲೇ ಇಬ್ಬರು ಡಬ್ಬ ಹಿಡಿದು ನಿಂತಿದ್ದಾರೆ, ಯಾರೂ ಯಾರ ಮುಖವನ್ನೂ ನೋಡುವುದಿಲ್ಲ.

ಕೈಗವಸು ಹಾಕಿಕೊ, ಮೂತಿ ತಿರುಗಿಸು, ಗಾಳಿ ಹೋಗುವ ಗುಂಡಿ ಹೆಬ್ಬೆರಳಲ್ಲಿ ಒತ್ತಿ ಹಿಡಿ, ಇಲ್ಲದಿದ್ದರೆ ಗಳಗಳ ಕಾರಿ ಮೈಗೆಲ್ಲ ಹಾರುತ್ತದೆ, ನಿಧಾನ, ಬಗ್ಗಿ ನೋಡು, ಈಗ ನೋಡು — ನೀಲಿ. ಬರೀ ನೀಲಿ. ಮಸಿಯ ಕುಡಿಕೆ ಬೋರಲು ಹಾಕಿದ ಹಾಗೆ, ದಟ್ಟ, ತಳವಿಲ್ಲದ ನೀಲಿ, ಅದರೊಳಗೆ ಕಪ್ಪಿದೆಯೋ ಕೆಂಪಿದೆಯೋ ದೇವರೇ ಹೇಳಬೇಕು. ನಾನು ಹಾಕುವುದು ಒಂದು ಮುಚ್ಚಳ, ವಾಸನೆ ಬರದಿರಲೆಂದು ಹಾಕುವ ಆ ದ್ರವ, ದಿನಕ್ಕೆ ಒಂದೇ ಮುಚ್ಚಳ, ಅಷ್ಟಕ್ಕೆ ನೀರು ತಿಳಿಯಾಗಿ ನೀಲಿ ತಿರುಗುತ್ತದೆ, ಮೊದಲ ದಿನ ಎಲ್ಲ ಕಂಡಿತ್ತು, ಎಲ್ಲ ಸರಿಯಿತ್ತು. ನಿನ್ನೆ ಸ್ವಲ್ಪ ಗಾಢವಿತ್ತು. ಜೇಬಿನಲ್ಲಿ ಬಾಟಲಿ, ಹತ್ತು ದಿನಕ್ಕೆಂದು ತಂದದ್ದು, ಮೂರನೇ ದಿನಕ್ಕೇ ತಳ ಕಂಡಿದೆ, ನಿನ್ನೆ ಸಂಜೆಯೇ ನೋಡಿದೆ, ಮುಚ್ಚಳ ಸೋರುತ್ತಿರಬೇಕು ಎಂದು ಬಾಟಲಿಯ ಕತ್ತಿನ ತಿರುಪಿಗೆ ಪೈಪಿನ ಬಿಳಿ ಟೇಪು ಸುತ್ತಿದೆ, ಮೂರು ಸುತ್ತು, ಬಿಗಿಯಾಗಿ, ಅವಳು ಕುರ್ಚಿಯಲ್ಲಿ ಕೂತು ನೋಡುತ್ತಿದ್ದಳು, ಈಗ ಸರಿ ಹೋಯ್ತಾ ಅಂದಳು.

ಸರಿ ಹೋಯ್ತಾ ಅಂದಳು. ವಾಷರ್. ಟೇಪು. ಅಯ್ಯೋ ಮಂಕೇ, ಎರಡನೇ ಸಲವೂ ಪೈಪನ್ನೇ ರಿಪೇರಿ ಮಾಡಿದೆಯಲ್ಲೋ. ಸರ್ ಆಯ್ತಾ ಅನ್ನುತ್ತಿದ್ದಾನೆ ಹಿಂದಿನವನು, ಆಯ್ತು, ಒಂದೇ ನಿಮಿಷ, ನೀರು ಹಾಕಿ ಕುಲುಕಿ ಸುರಿ, ಇನ್ನೊಮ್ಮೆ ಹಾಕು, ಇನ್ನೂ ನೀಲಿಯೇ ಬರುತ್ತಿದೆ. ಬೆಳಿಗ್ಗೆ ಟೀ ಕೊಡುವಾಗ ಲೋಟದ ಮೇಲೆ ಅವಳ ತೋರುಬೆರಳು, ತುದಿ ನೀಲಿ, ಉಗುರಿನ ಸುತ್ತ ಗೆರೆ ಎಳೆದ ಹಾಗೆ, ಏನೇ ಅದು ಅಂದರೆ ಪುಟ್ಟಿ ಜೊತೆ ಚಿತ್ರ ಬರೀತಿದ್ದೆ ಅಂದಳು. ಮೊಮ್ಮಗಳ ಬಣ್ಣದ ಪೆಟ್ಟಿಗೆ ಮನೆಯಲ್ಲೇ ಉಳಿದಿದೆ. ದಾರಿಯುದ್ದಕ್ಕೂ ಅದಕ್ಕೇ ಅತ್ತಿತ್ತು ಮಗು. ಹೊರಡುವ ಮುಂಚೆ ಇವಳು ಎಲ್ಲರಿಂದ ಮಾತು ತೆಗೆದುಕೊಂಡಳು, ಈ ಆರು ದಿನ ಯಾರೂ ಆಸ್ಪತ್ರೆ ಅನ್ನೋ ಮಾತು ಎತ್ತಬಾರದು, ಪುಟ್ಟಿಗೆ ಈಜು ಕಲಿಸ್ಬೇಕು ನಾನು. ನಿನ್ನೆ ಮಗು ಅವಳ ಅಂಗೈ ಮೇಲೆ ಬೋರಲು ಮಲಗಿ ಕಾಲು ಬಡಿಯುತ್ತಿತ್ತು, ಅವಳು ಸೊಂಟದವರೆಗೆ ನೀರಿನಲ್ಲಿ, ನಗುತ್ತಿದ್ದಳು, ಇನ್ನು ಮೂರು ದಿನ, ಇನ್ನು ಮೂರೇ ದಿನ ಮುಚ್ಚಿಟ್ಟರೆ ಆಯಿತು ಎಂದುಕೊಂಡಿರಬೇಕು. ಮೂರು ದಿನದಲ್ಲಿ ಏನಾಗುತ್ತದೆ. ನಾಲ್ಕು ತಿಂಗಳಲ್ಲಿ ಏನಾಯಿತೆಂದು ನನಗೆ ಗೊತ್ತು. ಭಯವಾಗುತ್ತಿದೆ, ಬಿರಡೆ ತಿರುಗಿಸಿ ಹೊರಟೆ, ಖಾಲಿ ಡಬ್ಬಕ್ಕೆ ಈಗ ಸದ್ದೇ ಇಲ್ಲ.

ದ್ರವ ಹಾಕುವುದಿಲ್ಲ. ಬರೀ ನೀರು ಹಾಕುತ್ತೇನೆ, ನಾರಲಿ, ಟೋಪಿಯವನು ಮೂಗು ಮುಚ್ಚಿಕೊಳ್ಳಲಿ, ಇಲ್ಲ, ಅದೂ ಬೇಡ, ಹೊಂಚು ಹಾಕುವುದು ಯಾಕೆ, ನೇರ ಕೇಳಿಬಿಡುತ್ತೇನೆ, ಏನಂತ ಕೇಳಲಿ, ಸಾಮಾನು ಕಟ್ಟು ಅಂದುಬಿಡಲೇ, ಡೇರೆ ಬಂತು, ಮಗು ಈಜುಡುಗೆ ಹಾಕಿಕೊಂಡು ನಿಂತಿದೆ, ಮಗಳು ಟವೆಲ್ ಒಣಹಾಕುತ್ತಿದ್ದಾಳೆ, ಇವಳು ಕುರ್ಚಿಯಿಂದ ಎದ್ದಳು, ಒಂದು ಕೈ ಹೊಟ್ಟೆಯ ಮೇಲೆ, ಇದನ್ನೂ ಈಗಲೇ ನೋಡುತ್ತಿದ್ದೇನೆ. ಆಯ್ತಾ ರೀ ಅಂದಳು. ಡಬ್ಬ ಕೆಳಗಿಟ್ಟೆ. ನೀಲಿ ಹಾಕಿಲ್ಲ ಕಣೇ ಅಂದೆ, ಇನ್ನು ಹಾಕಲ್ಲ. ಅವಳು ನನ್ನ ಮುಖ ನೋಡಿದಳು, ಮಗುವಿನ ಕಡೆ ನೋಡಿದಳು, ತಗ್ಗಿದ ದನಿಯಲ್ಲಿ, ಬಾಟ್ಲಿ ಕೊಡಿ, ಇವತ್ತೊಂದು ದಿನ, ಅಂತ ಕೈ ಚಾಚಿದಳು. ಬೆರಳನ್ನು ಮಡಚಲಿಲ್ಲ, ಮರೆಮಾಡಲೂ ಇಲ್ಲ. ತುದಿ ನೀಲಿ. ಉಗುರಿನ ಸುತ್ತ ನೀಲಿ.