ನಾರಾಯಣಪೇಠೆಯ ಎರಡು ಕೋಣೆಯ ಅರಮನೆ

ಪುಣೆಯ ದಲ್ಲಾಳಿ ಮೋರೇಶ್ವರ ಖಾಂಬೇಟೆ ಮನೆಯ ಜಾಹೀರಾತು ಬರೆದನೆಂದರೆ ಸತ್ತವರೂ ಎದ್ದು ಬರುತ್ತಿದ್ದರು. ಒಮ್ಮೆ ಶನಿವಾರವಾಡೆಯ ದೆವ್ವವೇ ಇದ್ದ ಕೋಟೆ ಬಿಟ್ಟು ಅವನ ಒಂದು ಕೋಣೆ ನೋಡಲು ಬಂದಿತ್ತು. ನಲ್ಲಿ ನೀರು ದಿನಕ್ಕೆ ಅರ್ಧ ಗಂಟೆ ಎಂದು ತಿಳಿದು ಹಿಂದಿರುಗಿತು.

ಅಂಥವನ ಕೈಯಲ್ಲೂ ಪೇಠೆಗೆಲ್ಲ ಚಿಕ್ಕಮ್ಮನಾದ ಬರ್ವೆ ಕಾಕೂ ಮನೆ ಮಾರಾಟವಾಗದೆ ನಾಲ್ಕು ತಿಂಗಳಿಂದ ಕೊಳೆಯುತ್ತಿತ್ತು. ನಾರಾಯಣಪೇಠೆಯ ಹಳೇ ವಾಡೆ ಕಟ್ಟಡ, ಮೂರನೇ ಮಾಳಿಗೆ, ಎರಡು ಕೋಣೆ. ವಾಯಿ ಊರಲ್ಲಿ ಕಾಕೂ ತಂಗಿಯ ಪಕ್ಕದ ಮನೆ ಖಾಲಿಯಾಗಿತ್ತು. ಪಾಡ್ವ, ಅಂದರೆ ಯುಗಾದಿ ಹಬ್ಬದೊಳಗೆ ಇದನ್ನು ಮಾರದಿದ್ದರೆ ಅದು ಬೇರೆಯವರ ಪಾಲು. ಉಳಿದಿದ್ದು ಹನ್ನೆರಡೇ ದಿನ.

"ಮೋರ್ಯಾ, ಏನು ಬರೆದಿದ್ದೀಯೋ ಓದು," ಎಂದರು ಕಾಕೂ.

ಮೋರೇಶ್ವರ ಗಂಟಲು ಸರಿಮಾಡಿಕೊಂಡ. "ಪೇಶ್ವೆ ಕಾಲದ ವೈಭವ. ತಂಗಾಳಿಯಲ್ಲಿ ತೇಲುವ ಅರಮನೆ. ಮೆಟ್ಟಿಲೇರಿದರೆ ಸ್ವರ್ಗ. ಸಸ್ಯಾಹಾರಿಗಳಿಗೆ ಮಾತ್ರ."

"ಸ್ವರ್ಗ ಅನ್ನೋದೊಂದು ನಿಜ. ಐವತ್ನಾಲ್ಕು ಮೆಟ್ಟಿಲು ಹತ್ತಿದ್ರೆ ಜೀವ ಅಲ್ಲಿಗೇ ಹೋಗೋದು. ಬಂದೋರೆಲ್ಲ ಅರಮನೆ ಹುಡುಕಿ, ನನ್ನನ್ನ ಕಳ್ಳಿ ಥರ ನೋಡಿ ಇಳಿದು ಹೋಗ್ತಾರೆ. ಆ ಕೊನೇ ಸಾಲು ಯಾರು ಹೇಳಿದ್ದು?"

"ಯಾರು ಹೇಳ್ಬೇಕು ಕಾಕೂ? ಇಪ್ಪತ್ತು ವರ್ಷದಿಂದ ಹಾಕ್ಕೊಂಡೇ ಬಂದಿದ್ದೀನಿ. ಅದರಲ್ಲೂ ನೀವು ಬರ್ವೆಗಳು, ಬ್ರಾಹ್ಮಣರು."

"ನಮ್ಮ ಯಜಮಾನರು ಪ್ರತಿ ಭಾನುವಾರ ಇದೇ ಒಲೆ ಮೇಲೆ ಬೊಂಬಿಲ್ ಮೀನು ಹುರೀತಿದ್ರು. ವಾಸನೆ ಮುಚ್ಚೋಕೆ ನಾನು ಊದುಬತ್ತಿ ಹಚ್ಚೋಳು. ಪಕ್ಕದ ಮನೆಯವನು, ಬರ್ವೆ ಎಂಥ ದೈವಭಕ್ತ ಅಂತ ಕೈ ಮುಗೀತಿದ್ದ."

ಮೋರೇಶ್ವರ ಆ ಕೊನೇ ಸಾಲಿನ ಮೇಲೆ ಹೆಬ್ಬೆರಳು ಇಟ್ಟ. ಜಾಹೀರಾತು ಬಂದ ಮೊದಲ ವಾರವೇ ಶೇವಂತಿ ತಾಂಡೇಲ್ ಎಂಬ ಮಾಲವಣ ಕರಾವಳಿಯ ನರ್ಸ್ ಫೋನ್ ಮಾಡಿದ್ದಳು. ಆಸ್ಪತ್ರೆ ಎರಡು ಗಲ್ಲಿ ಆಚೆ, ಹಣವೂ ಸಿದ್ಧ. ಮೀನುಗಾರರ ಮನೆತನದ ಹೆಸರು ಕೇಳಿದ್ದೇ ಇವನು, ಮೀನು ತಿನ್ನುವವರಿಗೆ ಕೊಡುವುದಿಲ್ಲವೆಂದು ಫೋನ್ ಇಟ್ಟಿದ್ದ. ತಲೆ ತಗ್ಗಿಸಿ ಅದನ್ನೂ ಒಪ್ಪಿಕೊಂಡ.

"ನನ್ನ ಮನೆ ಬಾಗಿಲಿಗೆ ನಿನ್ನನ್ನ ಕಾವಲು ಇಟ್ಟೋರು ಯಾರೋ?" ಎಂದರು ಕಾಕೂ. "ಮನೆ ಹೇಗಿದೆ ಅಂತ ಬರಿ, ಬರೋರು ಹೇಗಿರಬೇಕು ಅಂತಲ್ಲ. ತಗೋ ಪೆನ್ನು. ನಾನು ಹೇಳಿದಷ್ಟೇ."

ಅವನು ಬರೆದುಕೊಂಡ: 'ಎರಡು ಕೋಣೆ. ಐವತ್ನಾಲ್ಕು ಮೆಟ್ಟಿಲು, ಲಿಫ್ಟ್ ಇಲ್ಲ. ನೀರು ಬೆಳಿಗ್ಗೆ ಆರರಿಂದ ಆರೂವರೆ. ಏನು ಹುರಿದರೂ ವಾಸನೆ ಎರಡು ದಿನ ಇರುತ್ತದೆ. ಬೆಳಕು ಚೆನ್ನಾಗಿದೆ. ಮಧ್ಯಾಹ್ನ ಒಂದರಿಂದ ನಾಲ್ಕು, ಪೇಶ್ವೆಯೇ ಬಂದರೂ ಬಾಗಿಲು ತೆರೆಯುವುದಿಲ್ಲ.'

"ಮೊದಲು ಆ ಹುಡುಗಿಗೆ ಫೋನ್ ಮಾಡು. ತಪ್ಪಾಯ್ತು ಅನ್ನು. ಆಮೇಲೆ ಇದನ್ನ ಹೀಗೇ ಕಳಿಸು."

ಮರುದಿನ ಸರಿಯಾಗಿ ನಾಲ್ಕಕ್ಕೆ ಬಾಗಿಲು ಬಡಿದ ಸದ್ದಾಯಿತು. ಶೇವಂತಿ ಎರಡಕ್ಕೇ ಬಂದು ಮೆಟ್ಟಿಲ ಮೇಲೆ ಕೂತಿದ್ದಳು. "ಓದೋಕೆ ಬರತ್ತೆ ಇವಳಿಗೆ," ಎಂದು ಕಾಕೂ ಚಹಕ್ಕಿಟ್ಟರು. ಅಲ್ಲಿಗೆ ವ್ಯವಹಾರ ಮುಗಿಯಿತು.

ಪಾಡ್ವದ ಬೆಳಿಗ್ಗೆ ಮೋರೇಶ್ವರ ಚಹದಂಗಡಿಯಲ್ಲಿ ಕೈಬೀಸಿ ಹೇಳುತ್ತಿದ್ದ: "ಆರೇ ಆರು ಸಾಲು ಬರೆದೆ ನೋಡ್ರಿ. ಮನೆ ನೋಡೋಕೆ ಒಂಬೈನೂರು ಜನ. ಸಾಲು ಮುಠಾ ನದಿ ದಾಟಿತ್ತು."

"ಎಷ್ಟು ಜನವೋ ಮೋರ್ಯಾ?"

ಹಿಂದೆ ಬರ್ವೆ ಕಾಕೂ, ಟ್ರಂಕಿನ ಪಕ್ಕ, ವಾಯಿಗೆ ಹೊರಟು ರಿಕ್ಷಾ ಕಾಯುತ್ತ ನಿಂತಿದ್ದರು.

"ಒಬ್ಬಳು," ಎಂದ ಮೋರೇಶ್ವರ.

"ಬರೆದೋರು?"

"ನೀವು. ನನ್ನದು ಕೈಬರಹ ಅಷ್ಟೇ."

"ಮತ್ತೆ ಆ ಶನಿವಾರವಾಡೆ ದೆವ್ವ?" ಎಂದ ಅಂಗಡಿಯವನು.

ಮೋರೇಶ್ವರ ಲೋಟದ ತಳ ನೋಡಿದ. "ಮುನ್ಸಿಪಾಲಿಟಿ ಗುಮಾಸ್ತ. ತೆರಿಗೆ ಬಾಕಿ ಕೇಳೋಕೆ ಬಂದಿದ್ದ."